ಅಮೆರಿಕದ ಫುಡ್ ಬ್ಯಾಂಕ್ ನಡೆಯುವುದು ಹೇಗೆ? ಹಣ, ಜನ ಎರಡೂ ಯಾಕೆ ಸಾಲುತ್ತಿಲ್ಲ?

2025ರ ನವೆಂಬರ್ ಮೊದಲ ವಾರ. ಊರಿಂದ ಅಮ್ಮ ಫೋನ್ ಮಾಡಿದ್ದರು. ಟಿವಿಯಲ್ಲಿ ಅಮೆರಿಕದ ಸುದ್ದಿ ನೋಡಿದ್ದರಂತೆ. ಕಣ್ಣು ಹಾಯಿಸಿದಷ್ಟು ದೂರ ಕಾರುಗಳ ಸಾಲು, ಒಂದೊಂದು ಕಾರಿನ ಡಿಕ್ಕಿಗೂ ತರಕಾರಿ ಪೆಟ್ಟಿಗೆ ಇಡುತ್ತಿರುವ ಜನ. "ಅಲ್ಲ ಕಣೋ, ಕಾರು ಇರೋರೂ ಅಲ್ಲಿ ಊಟಕ್ಕೆ ಕ್ಯೂ ನಿಲ್ತಾರಾ?" ಅಂತ ಕೇಳಿದರು.

ಒಂದು ಮಾತಿನಲ್ಲಿ ಉತ್ತರ ಹೇಳಬಹುದು ಅಂದುಕೊಂಡೆ. ಆಗಲಿಲ್ಲ. ಅರ್ಧ ಗಂಟೆ ಮಾತಾಡಿದೆವು. ಅದೇ ವಾರ ಇಲ್ಲಿನ ನಮ್ಮ ಕನ್ನಡಿಗರ ವಾಟ್ಸ್ಯಾಪ್ ಗುಂಪಿನಲ್ಲೂ ಇದೇ ಮಾತು. ಊಟಕ್ಕೆ ಕಷ್ಟ ಇರುವವರಿಗೆ ಬಿಟ್ಟಿ ಆಹಾರ ಒದಗಿಸುವ ಫುಡ್ ಬ್ಯಾಂಕಿಗೆ ಅಕ್ಕಿ, ಬೇಳೆ ಕೊಡೋಣವಾ, ಹಣ ಕೊಡೋಣವಾ, ಶನಿವಾರ ಎಲ್ಲರೂ ಸೇರಿ ಕೆಲಸಕ್ಕೆ ಹೋಗೋಣವಾ? ಕೇಳಿದವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದರು. ಆದರೆ ಫುಡ್ ಬ್ಯಾಂಕ್ ಒಳಗೆ ಏನು ನಡೆಯುತ್ತದೆ ಅಂತ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ನಾನು ಕ್ಯಾಲಿಫೋರ್ನಿಯಾದ ಒಂದು ಫುಡ್ ಬ್ಯಾಂಕಿನ ಗೋದಾಮಿಗೆ ಆಗಾಗ ಕೆಲಸಕ್ಕೆ ಹೋಗುತ್ತೇನೆ. ಅಮ್ಮನಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಆ ನವೆಂಬರಿನಲ್ಲಿ ಆಗಿದ್ದೇನು?

ಮೊದಲು ಸ್ನ್ಯಾಪ್ ಅಂದರೆ ಏನು ಅಂತ ತಿಳಿಯಬೇಕು. ಇದು ಅಮೆರಿಕದ ರೇಷನ್ ಕಾರ್ಡ್ ಅಂದುಕೊಳ್ಳಿ. ನಮ್ಮಲ್ಲಿ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಕೊಡುತ್ತಾರೆ. ಇಲ್ಲಿ ಧಾನ್ಯದ ಬದಲು ಹಣ ಕೊಡುತ್ತಾರೆ. ಡೆಬಿಟ್ ಕಾರ್ಡಿನಂಥ ಒಂದು ಕಾರ್ಡಿಗೆ ತಿಂಗಳಿಗೊಮ್ಮೆ ಹಣ ಬೀಳುತ್ತದೆ. ಅದರಿಂದ ಮಾಮೂಲಿ ಅಂಗಡಿಯಲ್ಲೇ ದಿನಸಿ ಕೊಳ್ಳಬಹುದು. ಸೋಪು, ಮಾತ್ರೆ, ಸಿಗರೇಟ್ ಕೊಳ್ಳುವಂತಿಲ್ಲ. ಹಳೆಯ ಹೆಸರು ಫುಡ್ ಸ್ಟ್ಯಾಂಪ್. ಯೋಜನೆ 1964ರ ಕಾಯ್ದೆಯಿಂದ ಬಂದದ್ದು. 2025ರಲ್ಲಿ ಸುಮಾರು 4.2 ಕೋಟಿ ಜನ ಇದನ್ನು ನಂಬಿದ್ದರು. ಕರ್ನಾಟಕದ ಜನಸಂಖ್ಯೆಯ ಅರ್ಧಕ್ಕಿಂತ ಜಾಸ್ತಿ! ಅಮೆರಿಕದ ಲೆಕ್ಕದಲ್ಲಿ ಎಂಟು ಜನರಲ್ಲಿ ಒಬ್ಬರು.

2025ರ ಅಕ್ಟೋಬರ್ 1ರಂದು ಬಜೆಟ್ ಒಪ್ಪಿಗೆಯಾಗದೆ ಕೇಂದ್ರ ಸರ್ಕಾರದ ಕೆಲಸ ನಿಂತಿತು. ಅದು ನವೆಂಬರ್ 12ರವರೆಗೆ, 43 ದಿನ ಎಳೆಯಿತು. ಅಲ್ಲಿಯವರೆಗಿನ ಅಮೆರಿಕದ ಚರಿತ್ರೆಯಲ್ಲೇ ಅತಿ ಉದ್ದದ ಸ್ಥಗಿತ ಅದು. ನವೆಂಬರ್ 1ರಿಂದ ಬರಬೇಕಿದ್ದ ಸ್ನ್ಯಾಪ್ ಹಣ ಬರಲಿಲ್ಲ. ವಿಷಯ ಕೋರ್ಟಿಗೆ ಹೋಯಿತು. ಒಂದು ದಿನ ಕೊಡಿ ಅಂತ ಆದೇಶ, ಮರುದಿನ ತಡೆ. ಇನ್ನೊಂದು ಕಡೆ, ಲಕ್ಷಾಂತರ ಸರ್ಕಾರಿ ನೌಕರರಿಗೆ ಸಂಬಳವೂ ಇರಲಿಲ್ಲ. ವಿಮಾನ ನಿಲ್ದಾಣದಲ್ಲಿ ನಮ್ಮ ಬ್ಯಾಗು ತಪಾಸಣೆ ಮಾಡುವವರು ಸಂಬಳವಿಲ್ಲದೆ ಕೆಲಸ ಮಾಡುತ್ತಿದ್ದರು.

ಅಮ್ಮನ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿದೆ. ಇಲ್ಲಿ ಎಷ್ಟೋ ಊರುಗಳಲ್ಲಿ ಬಸ್ಸಿಲ್ಲ. ಕಾರಿಲ್ಲದಿದ್ದರೆ ಕೆಲಸಕ್ಕೇ ಹೋಗಲಾಗದು. ಹಾಗಾಗಿ ಕಾರು ಅಂದರೆ ಅನುಕೂಲಸ್ಥರು ಅಂತಲ್ಲ. ಬಾಡಿಗೆ, ಕಾರಿನ ಸಾಲ, ಇನ್ಶೂರೆನ್ಸ್ ಕಟ್ಟಿದ ಮೇಲೆ ಉಳಿದ ಹಣದಲ್ಲಿ ಊಟ. ಬಾಡಿಗೆ ಈ ತಿಂಗಳು ಅರ್ಧ ಕೊಡುತ್ತೇನೆ ಅಂದರೆ ಮನೆ ಮಾಲೀಕರು ಕೇಳುವುದಿಲ್ಲ. ಕಡಿಮೆ ಮಾಡಲು ಆಗುವುದು ಊಟವನ್ನು ಮಾತ್ರ.

ಇದು ಆ ಒಂದು ತಿಂಗಳ ಕಥೆಯೂ ಅಲ್ಲ. 2020ರಿಂದ 2024ರೊಳಗೆ ಇಲ್ಲಿ ಆಹಾರದ ಬೆಲೆ ಸುಮಾರು ಶೇ 24ರಷ್ಟು ಏರಿತು. ಕೋವಿಡ್ ಕಾಲದಲ್ಲಿ ಸ್ನ್ಯಾಪ್‌ಗೆ ಸೇರಿಸಿದ್ದ ಹೆಚ್ಚುವರಿ ಹಣ 2023ರ ಮಾರ್ಚ್ ಹೊತ್ತಿಗೆ ನಿಂತಿತು. ಅಮೆರಿಕದ ಕೃಷಿ ಇಲಾಖೆಯೇ ಮಾಡಿದ ಸಮೀಕ್ಷೆ ಪ್ರಕಾರ 2023ರಲ್ಲಿ 1.8 ಕೋಟಿ ಮನೆಗಳಲ್ಲಿ, ಅಂದರೆ ಶೇ 13.5 ಮನೆಗಳಲ್ಲಿ, ವರ್ಷದ ಯಾವುದೋ ಹೊತ್ತಿನಲ್ಲಿ ಊಟಕ್ಕೆ ತೊಂದರೆಯಾಗಿತ್ತು. 2025ರ ಜುಲೈನಲ್ಲಿ ಬಂದ ಹೊಸ ಕಾಯ್ದೆ ಸ್ನ್ಯಾಪ್ ನಿಯಮಗಳನ್ನು ಬಿಗಿ ಮಾಡಿತು. ಕೆಲಸ ಮಾಡುತ್ತಿದ್ದೇನೆ ಅಂತ ದಾಖಲೆ ತೋರಿಸಬೇಕಾದವರ ವಯಸ್ಸಿನ ಮಿತಿ 64ಕ್ಕೆ ಏರಿತು. ನವೆಂಬರಿನ ಕ್ಯೂ ಕ್ಯಾಮೆರಾಗೆ ಕಂಡಿತು, ಅಷ್ಟೇ. ಅದಕ್ಕಿಂತ ಮೊದಲೇ ಕ್ಯೂ ಬೆಳೆಯುತ್ತಿತ್ತು.

ಇದು ಅಂಗಡಿಯಲ್ಲ, ಮಂಡಿ

ಫುಡ್ ಬ್ಯಾಂಕ್ ಅಂದ ತಕ್ಷಣ ಬಡವರು ಬಂದು ಊಟ ತೆಗೆದುಕೊಂಡು ಹೋಗುವ ಜಾಗ ಅನಿಸುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಯಶವಂತಪುರದ ಎಪಿಎಂಸಿ ನೆನಪಿಸಿಕೊಳ್ಳಿ. ಅಲ್ಲಿಗೆ ಲಾರಿಗಟ್ಟಲೆ ಸರಕು ಬರುತ್ತದೆ. ಅಲ್ಲಿಂದ ಬೀದಿಬೀದಿಯ ಕಿರಾಣಿ ಅಂಗಡಿಗೆ ಹೋಗುತ್ತದೆ. ನಮ್ಮ ಮನೆಗೆ ಬೇಳೆ ಬರುವುದು ಬೀದಿ ಕೊನೆಯ ಅಂಗಡಿಯಿಂದ, ಅಲ್ವಾ?

ಫುಡ್ ಬ್ಯಾಂಕ್ ಆ ಮಂಡಿ ಇದ್ದ ಹಾಗೆ. ದೊಡ್ಡ ಗೋದಾಮು, ಕೋಲ್ಡ್ ಸ್ಟೋರೇಜ್, ಲಾರಿಗಳು, ಫೋರ್ಕ್‌ಲಿಫ್ಟ್. ಬೀದಿಯ ಅಂಗಡಿಯಂತಿರುವುದು ಫುಡ್ ಪ್ಯಾಂಟ್ರಿ. ಚರ್ಚಿನ ನೆಲಮಾಳಿಗೆ, ಶಾಲೆಯ ಕೋಣೆ, ಕಾಲೇಜು, ಸಮುದಾಯ ಭವನ, ಹೀಗೆ ಎಲ್ಲಿ ಬೇಕಾದರೂ ಪ್ಯಾಂಟ್ರಿ ಇರಬಹುದು. ಬೇಯಿಸಿ ಬಡಿಸುವ ಜಾಗವೂ ಉಂಟು. ಅದನ್ನು ಸೂಪ್ ಕಿಚನ್ ಅನ್ನುತ್ತಾರೆ. ಸಿದ್ಧಗಂಗಾ ಮಠದ ದಾಸೋಹಕ್ಕೂ ಫುಡ್ ಬ್ಯಾಂಕಿಗೂ ಇರುವ ವ್ಯತ್ಯಾಸ ಇಷ್ಟೇ. ಮಠದಲ್ಲಿ ಧಾನ್ಯ ಬಂದ ಜಾಗದಲ್ಲೇ ಒಲೆ ಉರಿಯುತ್ತದೆ, ಎಲೆ ಹಾಕುತ್ತಾರೆ. ಫುಡ್ ಬ್ಯಾಂಕಿನಲ್ಲಿ ಒಲೆ ಸಾಮಾನ್ಯವಾಗಿ ಇರುವುದೇ ಇಲ್ಲ.

ಇಂಥ ಸುಮಾರು 200 ಫುಡ್ ಬ್ಯಾಂಕುಗಳನ್ನು ಒಂದು ಜಾಲಕ್ಕೆ ಸೇರಿಸಿರುವ ಸಂಸ್ಥೆ ಫೀಡಿಂಗ್ ಅಮೆರಿಕ. ಅವುಗಳ ಕೆಳಗೆ ಸುಮಾರು 60,000 ಪ್ಯಾಂಟ್ರಿ ಮತ್ತು ಊಟದ ಕೇಂದ್ರಗಳಿವೆ. ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಇದನ್ನು ಓದುತ್ತಿದ್ದರೆ ಒಂದು ಮಾತು: ನಿಮ್ಮಲ್ಲಿ ಫುಡ್ ಬ್ಯಾಂಕ್ ಅಂತ ಕರೆಯುವುದು ಇಲ್ಲಿನ ಪ್ಯಾಂಟ್ರಿಯನ್ನು. ಅಲ್ಲಿ ಜನರೇ ನೇರವಾಗಿ ಹೋಗಿ ಆಹಾರ ತರುತ್ತಾರೆ.

ಒಬ್ಬ ತಾಯಿ ಹೇಳಿದ ಮಾತು

ಬ್ಯಾಂಕ್ ಅಂತ ಹೆಸರು ಬಂದದ್ದು ಹೇಗೆ? 1960ರ ದಶಕದಲ್ಲಿ ಅರಿಜೋನಾ ರಾಜ್ಯದ ಫೀನಿಕ್ಸ್‌ನಲ್ಲಿ ಜಾನ್ ವ್ಯಾನ್ ಹೆಂಗೆಲ್ ಎಂಬವರಿದ್ದರು. ವ್ಯಾಪಾರ ಬಿಟ್ಟು ಒಂದು ಉಚಿತ ಊಟದ ಮನೆಯಲ್ಲಿ ಸೇವೆ ಮಾಡುತ್ತಿದ್ದರು. ಊರಿನ ತೋಟಗಳಲ್ಲಿ ಕೀಳದೆ ಬಿಟ್ಟ ಕಿತ್ತಳೆ, ನಿಂಬೆಹಣ್ಣು ಕೇಳಿ ತರುತ್ತಿದ್ದರು. ಅಲ್ಲಿ ಅವರಿಗೆ ಒಬ್ಬ ತಾಯಿ ಸಿಕ್ಕಳು. ಹತ್ತು ಮಕ್ಕಳು, ಗಂಡ ಜೈಲಿನಲ್ಲಿ. ಸೂಪರ್ ಮಾರ್ಕೆಟ್ ಹಿಂದಿನ ಕಸದ ಡಬ್ಬಿಯಲ್ಲಿ ಎಸೆದ, ಆದರೆ ಕೆಡದ ಆಹಾರ ಹುಡುಕಿ ಮಕ್ಕಳನ್ನು ಸಾಕುತ್ತಿದ್ದಳು. ಹಣ ಇಟ್ಟು ತೆಗೆಯಲು ಬ್ಯಾಂಕ್ ಇರುವ ಹಾಗೆ ಆಹಾರಕ್ಕೂ ಒಂದು ಜಾಗ ಇರಬೇಕು ಅಂತ ಆಕೆ ಅಂದಳಂತೆ.

ವ್ಯಾನ್ ಹೆಂಗೆಲ್ ಅದನ್ನು ಮರೆಯಲಿಲ್ಲ. ಸೇಂಟ್ ಮೇರೀಸ್ ಚರ್ಚ್ 3,000 ಡಾಲರ್ ಮತ್ತು ಒಂದು ಹಳೆಯ ಕಟ್ಟಡ ಕೊಟ್ಟಿತು. 1967ರಲ್ಲಿ ಸೇಂಟ್ ಮೇರೀಸ್ ಫುಡ್ ಬ್ಯಾಂಕ್ ಶುರುವಾಯಿತು. ಮೊದಲ ವರ್ಷವೇ 2,75,000 ಪೌಂಡ್, ಅಂದರೆ ಸುಮಾರು 125 ಟನ್ ಆಹಾರ ಹಂಚಿದರು. ಆ ತಾಯಿಯ ಹೆಸರು ನನಗೆ ಎಲ್ಲೂ ಸಿಕ್ಕಿಲ್ಲ. ಇವತ್ತು ಈ ಕೆಲಸಕ್ಕೆ ಜಗತ್ತಿನಲ್ಲೆಲ್ಲ ಇರುವ ಹೆಸರು ಆಕೆಯ ಮಾತಿನಿಂದ ಬಂದದ್ದು ಅಂತ ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿಬರುತ್ತದೆ.

ಆಹಾರ ಬರುವುದು ಎಲ್ಲಿಂದ?

ಮನೆಮನೆಯಿಂದ ಸಂಗ್ರಹಿಸಿದ ಡಬ್ಬಿಗಳಿಂದ ಅಂತ ಬಹಳ ಜನ ನಂಬಿದ್ದಾರೆ. ಅದು ಸಣ್ಣ ಪಾಲು. ದೊಡ್ಡ ಪಾಲು ಮೂರು ಕಡೆಯಿಂದ ಬರುತ್ತದೆ.

ಒಂದು, ಕಂಪನಿಗಳು ಮತ್ತು ಸೂಪರ್ ಮಾರ್ಕೆಟ್‌ಗಳು. ಲೇಬಲ್ ಓರೆಯಾಗಿ ಅಂಟಿದ ಜಾರು, ಹಬ್ಬ ಮುಗಿದ ಮೇಲೆ ಉಳಿದ ಬಿಸ್ಕತ್ತು, ಸೊಟ್ಟ ಕ್ಯಾರೆಟ್, ಡಬ್ಬಿಯ ಮೇಲಿನ ತಾರೀಖು ಹತ್ತಿರವಾದ, ಕಾರ್ನ್‌ಫ್ಲೇಕ್ಸ್‌ನಂಥ ಸೀರಿಯಲ್. ಅಮೆರಿಕದಲ್ಲಿ ಪೊಟ್ಟಣದ ಮೇಲಿನ ಬಹುಪಾಲು ತಾರೀಖುಗಳು ರುಚಿ ಮತ್ತು ಗುಣಮಟ್ಟದ ಅಂದಾಜು. ಆ ದಿನ ದಾಟಿದ ತಕ್ಷಣ ಆಹಾರ ವಿಷವಾಗುವುದಿಲ್ಲ. ಹಸುಗೂಸಿನ ಹಾಲಿನ ಪುಡಿಗೆ ಮಾತ್ರ ಕೇಂದ್ರದ ಕಟ್ಟುನಿಟ್ಟಿನ ತಾರೀಖಿನ ನಿಯಮವಿದೆ. "ಕೊಟ್ಟ ಆಹಾರ ತಿಂದು ಯಾರಿಗಾದರೂ ಏನಾದರೂ ಆದರೆ ನಮ್ಮ ಮೇಲೆ ಕೇಸು ಬರುತ್ತದೆ" ಅಂತ ಕಂಪನಿಗಳು ಹೆದರುತ್ತಿದ್ದವು. 1996ರಲ್ಲಿ ಒಂದು ಕಾನೂನು ಬಂತು. ಒಳ್ಳೆಯ ಉದ್ದೇಶದಿಂದ, ಎಚ್ಚರ ವಹಿಸಿ ಕೊಟ್ಟವರಿಗೆ ಅದು ರಕ್ಷಣೆ ಕೊಡುತ್ತದೆ. ಕೊಟ್ಟ ಸರಕಿಗೆ ತೆರಿಗೆ ವಿನಾಯಿತಿಯೂ ಇದೆ. ನಮ್ಮಲ್ಲೂ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ಮಿಕ್ಕ ಆಹಾರ ಸಂಗ್ರಹಿಸಿ ಹಂಚುವುದಕ್ಕೆ ನಿಯಮ ಮಾಡಿದೆ. ಛತ್ರದಲ್ಲಿ ಮಿಕ್ಕ ಊಟ ತರುವ ಸಂಸ್ಥೆಗಳಿಗೆ ಅದು ಅನ್ವಯಿಸುತ್ತದೆ.

ಎರಡು, ಸರ್ಕಾರ. ಕೃಷಿ ಇಲಾಖೆ ರೈತರಿಂದ ಕೊಂಡು ಫುಡ್ ಬ್ಯಾಂಕಿಗೆ ಕಳಿಸುತ್ತದೆ. 1981ರಲ್ಲಿ ಸರ್ಕಾರದ ಗೋದಾಮುಗಳಲ್ಲಿ ರಾಶಿ ಬಿದ್ದಿದ್ದ ಚೀಸ್ ಹಂಚಲು ಶುರುವಾದ ಯೋಜನೆ ಇದು. ಹಾಲು, ಮೊಟ್ಟೆ, ಕೋಳಿ ಮಾಂಸದಂಥ ಬೆಲೆಬಾಳುವ ಆಹಾರ ಹೆಚ್ಚಾಗಿ ಇಲ್ಲಿಂದ ಬರುತ್ತದೆ. 2025ರ ವಸಂತದಲ್ಲಿ ಇದರಲ್ಲಿ ಸುಮಾರು 50 ಕೋಟಿ ಡಾಲರ್ ಬೆಲೆಯ ಸರಕಿನ ಪೂರೈಕೆ ನಿಂತಿತು. ಸ್ಥಳೀಯ ರೈತರಿಂದ ಕೊಳ್ಳಲು ಫುಡ್ ಬ್ಯಾಂಕುಗಳಿಗೆ ಹಣ ಕೊಡುತ್ತಿದ್ದ ಇನ್ನೊಂದು ಯೋಜನೆಯೂ ರದ್ದಾಯಿತು. ಕ್ಯೂ ಉದ್ದವಾಗುತ್ತಿದ್ದ ವರ್ಷವೇ ಗೋದಾಮಿಗೆ ಬರುವ ಲಾರಿ ಕಡಿಮೆಯಾಯಿತು.

ಮೂರು, ಹಣ ಕೊಟ್ಟು ಕೊಳ್ಳುವುದು. ಕಂಪನಿಗಳು ಏನು ಕೊಡುತ್ತವೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಒಂದು ವಾರ ಬರೀ ಸೋಡಾ ಬರಬಹುದು. ಮಕ್ಕಳಿಗೆ ಬೇಕಾದ ಅಕ್ಕಿ, ಕಾಳು, ಮೊಟ್ಟೆ ಬರದಿದ್ದರೆ ಕೊಳ್ಳಲೇಬೇಕು.

ಮಂಡ್ಯಕ್ಕೆ ಬೆಲ್ಲ ಕಳಿಸಿದ ಕಥೆ

ಬಂದ ಸರಕು ಯಾರಿಗೆ ಎಷ್ಟು? ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಮೊದಲು ಸರದಿ ಪದ್ಧತಿ ಇತ್ತು. ದೊಡ್ಡ ಕಂಪನಿ ಒಂದು ಲಾರಿ ಆಲೂಗಡ್ಡೆ ಕೊಟ್ಟಿತು ಅಂದುಕೊಳ್ಳಿ. ಸರದಿಯಲ್ಲಿ ಮುಂದಿರುವ ಫುಡ್ ಬ್ಯಾಂಕಿಗೆ ಫೋನ್ ಹೋಗುತ್ತಿತ್ತು. ಬೇಕು, ಬೇಡ ಅಂತ ಕೆಲವೇ ಗಂಟೆಗಳಲ್ಲಿ ಹೇಳಬೇಕು. ಯಾರ ಹತ್ತಿರ ಏನಿದೆ ಅಂತ ಮೇಲಿನವರಿಗೆ ಗೊತ್ತಿಲ್ಲ. ಹಾಗಾಗಿ ಆಲೂಗಡ್ಡೆ ಬೆಳೆಯುವ ಐಡಹೊ ರಾಜ್ಯಕ್ಕೇ ಆಲೂಗಡ್ಡೆ ಲಾರಿ ಹೋಗುತ್ತಿತ್ತು. ಮಂಡ್ಯಕ್ಕೆ ಬೆಲ್ಲ ಕಳಿಸಿದ ಹಾಗೆ.

2005ರಲ್ಲಿ ಇದು ಬದಲಾಯಿತು. ಶಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಕ್ಯಾನಿಸ್ ಪ್ರೆಂಡರ್‌ಗಾಸ್ಟ್ ಮತ್ತು ಅವರ ಸಹೋದ್ಯೋಗಿಗಳು ಫುಡ್ ಬ್ಯಾಂಕ್ ನಡೆಸುವವರ ಜೊತೆ ಕೂತು ಹೊಸ ಪದ್ಧತಿ ಕಟ್ಟಿದರು. ನಮ್ಮ ಚೀಟಿ ವ್ಯವಹಾರ ಗೊತ್ತಿದ್ದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಪ್ರತಿ ಫುಡ್ ಬ್ಯಾಂಕಿಗೂ ಆಟದ ಹಣದಂಥ ಅಂಕಗಳನ್ನು ಕೊಡುತ್ತಾರೆ. ಬಡವರು ಜಾಸ್ತಿ ಇರುವ ಊರಿಗೆ ಜಾಸ್ತಿ ಅಂಕ. ದಿನಕ್ಕೆ ಎರಡು ಸಲ ಹರಾಜು. ಯಾರಿಗೆ ಏನು ಬೇಕೋ ಅದಕ್ಕೆ ಕೂಗುತ್ತಾರೆ. ಖರ್ಚಾದ ಅಂಕಗಳು ಆ ದಿನದ ಕೊನೆಗೆ ಮತ್ತೆ ಎಲ್ಲರಿಗೂ ಹಂಚಿಕೆಯಾಗುತ್ತವೆ. ಚೀಟಿಯಲ್ಲಿ ಕೂಗಿದವರು ಬಿಟ್ಟ ಹಣ ಉಳಿದ ಸದಸ್ಯರಿಗೆ ಹಂಚುವ ಹಾಗೆ!

ಕಡಲೆಕಾಯಿ ಬೆಣ್ಣೆ, ಪಾಸ್ತಾ, ಸೀರಿಯಲ್‌ಗೆ ಪೈಪೋಟಿ ಜೋರು. ಬೇಗ ಹಾಳಾಗುವ ತರಕಾರಿ ತುಂಬಾ ಅಗ್ಗ. ಕೆಲವು ಸಲ ಬೆಲೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಅಂದರೆ ತೆಗೆದುಕೊಂಡು ಹೋದವರಿಗೇ ಅಂಕ ಕೊಡುತ್ತಾರೆ. ಸಣ್ಣ ಊರಿನ ಫುಡ್ ಬ್ಯಾಂಕುಗಳು ಸಾಲ ಮಾಡಿಯೂ ಕೂಗಬಹುದು, ಇಬ್ಬರು ಸೇರಿ ಒಂದು ಲಾರಿ ಹಂಚಿಕೊಳ್ಳಬಹುದು. ಬಡವರ ಊಟವನ್ನು ಹರಾಜಿಗೆ ಇಡುವುದಾ ಅಂತ ಶುರುವಿನಲ್ಲಿ ವಿರೋಧ ಇತ್ತು. ಆದರೆ ಇಲ್ಲಿ ಯಾರೂ ರೊಕ್ಕ ಹಾಕಿ ಕೂಗುವುದಿಲ್ಲ. ಶ್ರೀಮಂತ ಊರಿನ ಫುಡ್ ಬ್ಯಾಂಕಿಗೆ ಮೇಲುಗೈ ಸಿಗುವುದಿಲ್ಲ.

ಒಂದು ವಿಷಯ ಗಮನಿಸಿ. ಅಂಕ ಕೊಟ್ಟು ಗೆದ್ದ ಮೇಲೂ ಲಾರಿ ಬಾಡಿಗೆ ಫುಡ್ ಬ್ಯಾಂಕ್ ಕೈಯಿಂದಲೇ ಕೊಡಬೇಕು. ಅದಕ್ಕೆ ನಿಜವಾದ ಡಾಲರ್ ಬೇಕು.

ಆಹಾರ ಬಿಟ್ಟಿ ಬಂದರೆ ಹಣ ಯಾಕೆ?

ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಅತಿ ಹೆಚ್ಚು ಕೇಳಿದ ಪ್ರಶ್ನೆ ಇದೇ. ಒಂದು ಎಲೆಕೋಸಿನ ಲಾರಿ ತೆಗೆದುಕೊಳ್ಳಿ. ರೈತ ಸುಮ್ನೆ ಕೊಟ್ಟ. ಹೊಲದಿಂದ ಗೋದಾಮಿಗೆ ಡೀಸೆಲ್. ಡ್ರೈವರ್ ಸಂಬಳ. ಕೋಲ್ಡ್ ಸ್ಟೋರೇಜಿನ ಕರೆಂಟ್ ಬಿಲ್. ಫೋರ್ಕ್‌ಲಿಫ್ಟ್ ರಿಪೇರಿ. ರಟ್ಟಿನ ಪೆಟ್ಟಿಗೆ. ಮತ್ತೆ ಪ್ಯಾಂಟ್ರಿಗೆ ಇನ್ನೊಂದು ಲಾರಿ. ಇದರಲ್ಲಿ ಒಂದು ಕೊಂಡಿ ತಪ್ಪಿದರೂ ಕೋಸು ಕೊಳೆಯುತ್ತದೆ.

ಒಂದು ಡಾಲರಿಗೆ ಕನಿಷ್ಠ 10 ಊಟ ಒದಗಿಸುತ್ತೇವೆ ಅಂತ ಫೀಡಿಂಗ್ ಅಮೆರಿಕ ಹೇಳುತ್ತದೆ. ಒಂದು ಡಾಲರಿಗೆ ಅಂಗಡಿಯಲ್ಲಿ ಒಂದು ಡಬ್ಬಿ ಕಾಳೂ ಬರುವುದು ಕಷ್ಟ, ಇದು ಹೇಗೆ ಸಾಧ್ಯ? ಆ ಡಾಲರ್ ಊಟ ಕೊಳ್ಳುವುದಿಲ್ಲ. ಬಿಟ್ಟಿಯಾಗಿ ಸಿಕ್ಕ ಊಟವನ್ನು ಸಾಗಿಸುತ್ತದೆ. ಊಟ ಅಂದರೂ ತಟ್ಟೆಯಲ್ಲಿ ಬಡಿಸಿದ್ದಲ್ಲ. 1.2 ಪೌಂಡ್, ಅಂದರೆ ಸುಮಾರು 540 ಗ್ರಾಂ ಆಹಾರಕ್ಕೆ ಒಂದು ಊಟ ಅಂತ ಲೆಕ್ಕ. ಇದು ದೇಶದ ಒಟ್ಟು ಲೆಕ್ಕ. ಊರಿಂದ ಊರಿಗೆ ಬದಲಾಗುತ್ತದೆ. ಕೊಂಡು ಹಂಚುವ ಆಹಾರ ಜಾಸ್ತಿಯಾದಷ್ಟೂ ಒಂದು ಡಾಲರಿಗೆ ಸಿಗುವ ಊಟ ಕಡಿಮೆಯಾಗುತ್ತದೆ.

ಫುಡ್ ಬ್ಯಾಂಕಿನ ವಾರ್ಷಿಕ ಲೆಕ್ಕ ನೋಡಿದವರು ಇನ್ನೊಂದು ಕಡೆ ಮೋಸ ಹೋಗುತ್ತಾರೆ. ಕೋಟಿಗಟ್ಟಲೆ ಡಾಲರ್ ಆದಾಯ ಅಂತ ಬರೆದಿರುತ್ತದೆ. ಅಷ್ಟೊಂದು ಇರುವವರಿಗೆ ನಮ್ಮ ನೂರು ಡಾಲರ್ ಯಾಕೆ ಅನಿಸುತ್ತದೆ. ಆದರೆ ಬಂದ ಆಹಾರಕ್ಕೂ ಬೆಲೆ ಕಟ್ಟಿ ಆದಾಯದಲ್ಲಿ ಬರೆಯಬೇಕು ಅಂತ ನಿಯಮ. ಒಂದು ಪೌಂಡಿಗೆ ಸುಮಾರು 2 ಡಾಲರ್ ಲೆಕ್ಕ ಹಾಕುತ್ತಾರೆ. ಗೋದಾಮಿನಲ್ಲಿರುವ ಕುಂಬಳಕಾಯಿಯೂ ಪುಸ್ತಕದಲ್ಲಿ ಡಾಲರ್ ಆಗಿರುತ್ತದೆ. ಕುಂಬಳಕಾಯಿ ಕೊಟ್ಟು ಡ್ರೈವರ್ ಸಂಬಳ ಮಾಡಲಾಗದು. ಹಾಗಾಗಿ ಲೆಕ್ಕ ನೋಡುವಾಗ ನಗದು ಎಷ್ಟು, ಸರಕು ಎಷ್ಟು ಅಂತ ಬೇರೆ ಮಾಡಿ ನೋಡಬೇಕು. ಇಲ್ಲಿ ಫುಡ್ ಬ್ಯಾಂಕುಗಳು ತೆರಿಗೆ ಇಲಾಖೆಗೆ ಕೊಡುವ 990 ಎಂಬ ಫಾರಂ ಯಾರು ಬೇಕಾದರೂ ನೋಡಬಹುದು. ದೇಣಿಗೆ ಕೊಡುವ ಮೊದಲು ಹತ್ತು ನಿಮಿಷ ಅದನ್ನು ಓದಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಹಣ ಕೇಳುವ ಬಗೆ

ನಮ್ಮ ಊರಿನ ದೇವಸ್ಥಾನಗಳಲ್ಲಿ ಟ್ಯೂಬ್‌ಲೈಟ್ ಮೇಲೆ, ಫ್ಯಾನಿನ ರೆಕ್ಕೆ ಮೇಲೆ ದಾನಿಗಳ ಹೆಸರು ಇರುತ್ತದೆ. ಕರೆಂಟ್ ಬಿಲ್ ಕಟ್ಟಿದವರ ಹೆಸರು ಎಲ್ಲೂ ಇರುವುದಿಲ್ಲ. ಫುಡ್ ಬ್ಯಾಂಕಿನ ದೊಡ್ಡ ಕಷ್ಟವೂ ಅದೇ. ಕಂಪನಿಗಳು, ಪ್ರತಿಷ್ಠಾನಗಳು ಅನುದಾನ ಕೊಡುತ್ತವೆ. ಹೆಚ್ಚಿನವು ಇಂಥದ್ದಕ್ಕೇ ಬಳಸಬೇಕು ಅಂತ ಕಟ್ಟು ಹಾಕಿರುತ್ತವೆ. ಹೊಸ ಲಾರಿಗೆ ಕೊಡುತ್ತೇವೆ, ಮಕ್ಕಳ ಊಟಕ್ಕೆ ಕೊಡುತ್ತೇವೆ. ಲಾರಿಯ ಡೀಸೆಲ್‌ಗೆ, ಲೆಕ್ಕ ಬರೆಯುವವರ ಸಂಬಳಕ್ಕೆ ಕೊಡುವವರು ಕಡಿಮೆ. ಆದ್ದರಿಂದ ಸಾಮಾನ್ಯ ಜನ ಯಾವ ಕಟ್ಟೂ ಇಲ್ಲದೆ ಕೊಡುವ 20 ಡಾಲರಿಗೆ ಅದರ ಗಾತ್ರಕ್ಕಿಂತ ಹೆಚ್ಚು ಬಲವಿದೆ.

ಅನುದಾನ ಕೇಳಲು ಅರ್ಜಿ ಬರೆಯುವುದೇ ಒಂದು ಕಸುಬು. ಎಷ್ಟು ಮನೆ, ಎಷ್ಟು ಮಕ್ಕಳು, ಕಳೆದ ವರ್ಷಕ್ಕಿಂತ ಎಷ್ಟು ಜಾಸ್ತಿ ಅಂತ ಅಂಕಿಅಂಶ ಕೊಡಬೇಕು. ಹಣ ಮುಗಿದ ಮೇಲೆ ವರದಿ ಒಪ್ಪಿಸಬೇಕು. ಒಪ್ಪಿಗೆ ಸಿಗಲು ತಿಂಗಳುಗಳು ಹಿಡಿಯುತ್ತವೆ. ನವೆಂಬರಿನಲ್ಲಿ ಆದಂತೆ ಒಂದೇ ವಾರದಲ್ಲಿ ಕ್ಯೂ ಬೆಳೆದರೆ ಅರ್ಜಿ ಬರೆದು ಕೂರಲು ಆಗುವುದಿಲ್ಲ. ಆಗ ಕೈಹಿಡಿಯುವುದು ಎರಡು: ಉಳಿಸಿಟ್ಟ ಮೀಸಲು ಹಣ, ಮತ್ತು ತಿಂಗಳು ತಿಂಗಳು ತಪ್ಪದೆ ಕೊಡುವವರು. ವರ್ಷಕ್ಕೊಮ್ಮೆ 240 ಡಾಲರ್ ಕೊಡುವ ಬದಲು ತಿಂಗಳಿಗೆ 20 ಕೊಡಿ ಅಂತ ಫುಡ್ ಬ್ಯಾಂಕುಗಳು ಕೇಳುವುದು ಇದಕ್ಕೇ. ಮೊತ್ತ ಒಂದೇ. ಆದರೆ ಜುಲೈ ತಿಂಗಳಿಗೆ ಎಷ್ಟು ಹಣ ಬರುತ್ತದೆ ಅಂತ ಮೊದಲೇ ಗೊತ್ತಿರುತ್ತದೆ.

ಜುಲೈ ಯಾಕೆ ಮುಖ್ಯ? ಅಮೆರಿಕದಲ್ಲಿ ದೇಣಿಗೆ ಬರುವುದು ನವೆಂಬರ್, ಡಿಸೆಂಬರಿನಲ್ಲಿ. ಹಬ್ಬದ ಕಾಲ, ವರ್ಷದ ತೆರಿಗೆ ಲೆಕ್ಕದ ಕಾಲ. ಹಸಿವಿಗೆ ಆ ಲೆಕ್ಕ ಗೊತ್ತಿಲ್ಲ. ಇಲ್ಲಿ ಸುಮಾರು 3 ಕೋಟಿ ಮಕ್ಕಳು ಶಾಲೆಯಲ್ಲೇ ಮಧ್ಯಾಹ್ನದ ಊಟ ಮಾಡುತ್ತಾರೆ. ಜೂನ್ ಬಂದರೆ ಬೇಸಿಗೆ ರಜೆ. ನಮ್ಮಲ್ಲಿ ಬಿಸಿಯೂಟ ನಂಬಿದ ಮಕ್ಕಳ ಮನೆಯಲ್ಲಿ ಏಪ್ರಿಲ್‌ನಲ್ಲಿ ಅಡುಗೆ ಖರ್ಚು ಏರುವ ಹಾಗೆ ಇಲ್ಲಿ ಜೂನ್‌ನಲ್ಲಿ ಏರುತ್ತದೆ. ದೇಣಿಗೆ ಅತಿ ಕಡಿಮೆ ಬರುವ ಹೊತ್ತೂ ಅದೇ.

ಐಟಿ ಕಂಪನಿಗಳಲ್ಲಿರುವ ಕನ್ನಡಿಗರಿಗೆ ಒಂದು ಕಿವಿಮಾತು. ಇಲ್ಲಿನ ಎಷ್ಟೋ ಕಂಪನಿಗಳು ನೌಕರರು ಕೊಟ್ಟ ದೇಣಿಗೆಗೆ ಅಷ್ಟೇ ಹಣ ತಾವೂ ಸೇರಿಸುತ್ತವೆ. ಕೆಲವು ಕಂಪನಿಗಳು ನೀವು ಮಾಡಿದ ಸೇವೆಯ ಗಂಟೆಗೂ ಇಷ್ಟು ಅಂತ ಹಣ ಕೊಡುತ್ತವೆ. ಆಫೀಸಿನ ಪೋರ್ಟಲ್‌ನಲ್ಲಿ ಒಂದು ಅರ್ಜಿ ತುಂಬಿದರೆ ಸಾಕು. ಬಹಳ ಜನ ತುಂಬುವುದೇ ಇಲ್ಲ. ಆ ಹಣ ಅಲ್ಲೇ ಉಳಿದುಹೋಗುತ್ತದೆ.

ಕೈಗಳ ಲೆಕ್ಕ

ಈಗ ಜನರ ವಿಷಯಕ್ಕೆ ಬರೋಣ. ಗೋದಾಮಿನಲ್ಲಿ ಒಂದು ಪಾಳಿ ಎರಡರಿಂದ ಮೂರು ಗಂಟೆ. ಮೊದಲು ಕೈ ತೊಳೆಸಿ, ಕೈಗವಸು ಕೊಡುತ್ತಾರೆ. ಚಪ್ಪಲಿ ನಡೆಯುವುದಿಲ್ಲ, ಶೂ ಬೇಕು. ಆಳೆತ್ತರದ ರಟ್ಟಿನ ತೊಟ್ಟಿಯಲ್ಲಿ ಈರುಳ್ಳಿ ಬರುತ್ತದೆ. ಕೊಳೆತದ್ದು ಆರಿಸಿ, ಉಳಿದದ್ದನ್ನು ಒಂದು ಮನೆಗೆ ಆಗುವಷ್ಟು ಚೀಲಕ್ಕೆ ತುಂಬಬೇಕು. ಅಕ್ಕಿಯೂ ಹಾಗೇ. ಡಬ್ಬಿಗಳಿಗೆ ಬೇರೆ ನಿಯಮ. ಹೊಟ್ಟೆ ಉಬ್ಬಿದ ಡಬ್ಬಿ, ಅಂಚಿನಲ್ಲಿ ನೆಗ್ಗಿದ ಡಬ್ಬಿ, ತುಕ್ಕು ಹಿಡಿದದ್ದು, ಲೇಬಲ್ ಇಲ್ಲದ್ದು ಕಸಕ್ಕೆ. ಲೇಬಲ್ ಇಲ್ಲದಿದ್ದರೆ ಯಾಕೆ ಬೇಡ? ಒಳಗೆ ಕಡಲೆಕಾಯಿ ಇದ್ದು, ತಿಂದ ಮಗುವಿಗೆ ಅದು ಒಗ್ಗದಿದ್ದರೆ ಜೀವಕ್ಕೇ ಅಪಾಯ.

ಬೇಳೆ ಆರಿಸುತ್ತಾ ಮಾತಾಡುವ ನಮ್ಮ ಮನೆಯ ಹೆಂಗಸರ ನೆನಪು ಪ್ರತಿ ಸಲ ಆಗುತ್ತದೆ. ಎದುರು ಯಾರು ನಿಂತಿರುತ್ತಾರೋ ಗೊತ್ತಿಲ್ಲ. ಒಂದು ಸಲ ನಿವೃತ್ತ ನರ್ಸ್, ಇನ್ನೊಂದು ಸಲ ಹೈಸ್ಕೂಲ್ ಹುಡುಗರು. ಹೋದ ವರ್ಷ ತಾನೇ ಪ್ಯಾಂಟ್ರಿಯ ಕ್ಯೂನಲ್ಲಿ ನಿಂತಿದ್ದೆ ಅಂತ ಒಬ್ಬರು ಈರುಳ್ಳಿ ಆರಿಸುತ್ತಲೇ ಹೇಳಿದರು.

ವಾಲಂಟಿಯರ್‌ಗಳಿಗೆ ಸಂಬಳವಿಲ್ಲ. ಆದರೆ ಅವರ ಸಮಯಕ್ಕೆ ಲೆಕ್ಕವಿದೆ. ಅಮೆರಿಕದಲ್ಲಿ ಒಂದು ಗಂಟೆಯ ಸ್ವಯಂಸೇವೆಯ ಬೆಲೆ 34.79 ಡಾಲರ್ ಅಂತ 2025ರಲ್ಲಿ ಅಂದಾಜು ಮಾಡಿದರು. ಇಪ್ಪತ್ತು ಜನ ಮೂರು ಗಂಟೆ ಕೆಲಸ ಮಾಡಿದರೆ 2,000 ಡಾಲರ್ ದಾಟುತ್ತದೆ. ಅನುದಾನದ ಅರ್ಜಿಗಳಲ್ಲಿ ಇದನ್ನೂ ಬರೆಯುತ್ತಾರೆ. ಊರಿನ ಜನ ನಮ್ಮ ಜೊತೆಗಿದ್ದಾರೆ ಅಂತ ತೋರಿಸಲು ಅದು ಸಾಕ್ಷಿ. ಸೇವೆಗೆ ಬಂದಾಗ ಹೆಸರು, ಗಂಟೆ ಬರೆಸಿಕೊಳ್ಳುವುದು ಸುಮ್ನೆ ಅಲ್ಲ.

ಜನ ಸಾಲುವುದಿಲ್ಲ ಅಂದಾಗ ಯಾರೂ ಬರುವುದಿಲ್ಲ ಅಂತ ಅರ್ಥವಲ್ಲ. ಹಬ್ಬದ ವಾರದ ಶನಿವಾರಗಳಿಗೆ ಜಾಗವೇ ಸಿಗುವುದಿಲ್ಲ. ಆಫೀಸಿನ ಗುಂಪುಗಳು ತಿಂಗಳ ಮೊದಲೇ ಕಾದಿರಿಸಿರುತ್ತವೆ. ಖಾಲಿ ಇರುವುದು ಮಂಗಳವಾರ ಬೆಳಿಗ್ಗೆಯ ಪಾಳಿ. ಖಾಲಿ ಇರುವುದು ಜನವರಿ. ಲಾರಿ ಮಾತ್ರ ಮಂಗಳವಾರವೂ ಬರುತ್ತದೆ, ಜನವರಿಯಲ್ಲೂ ಬರುತ್ತದೆ.

ಪ್ಯಾಂಟ್ರಿಗಳ ಪಾಡು ಇನ್ನೂ ಸೂಕ್ಷ್ಮ. ಅಲ್ಲಿ ವರ್ಷಗಟ್ಟಲೆ ದುಡಿಯುವವರು ಹೆಚ್ಚಾಗಿ ಹಿರಿಯರು, ನಿವೃತ್ತರು. 2020ರಲ್ಲಿ ಕೋವಿಡ್ ಬಂದಾಗ ಅವರೆಲ್ಲ ಮನೆಯಲ್ಲೇ ಉಳಿಯಬೇಕಾಯಿತು. ಅದೇ ಹೊತ್ತಿಗೆ ಕೆಲಸ ಕಳೆದುಕೊಂಡವರ ಕ್ಯೂ ಬೆಳೆಯಿತು. 2020ರ ಏಪ್ರಿಲ್ 9ರಂದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಒಂದೇ ದಿನ ಸುಮಾರು 10,000 ಮನೆಗಳವರು ಆಹಾರಕ್ಕೆ ಬಂದರು. ಆ ಕಾರುಗಳ ಫೋಟೊ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಹಲವು ರಾಜ್ಯಗಳಲ್ಲಿ ನ್ಯಾಷನಲ್ ಗಾರ್ಡ್ ಸೈನಿಕರು ಬಂದು ಪೆಟ್ಟಿಗೆ ತುಂಬಿದರು. 2025ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಮತ್ತೆ ಅದೇ ದಾರಿ ಹಿಡಿದರು. ಸೈನಿಕರನ್ನು ಫುಡ್ ಬ್ಯಾಂಕಿನ ಕೆಲಸಕ್ಕೆ ಕಳಿಸಿದರು, 8 ಕೋಟಿ ಡಾಲರ್ ನೆರವನ್ನೂ ಬೇಗ ಬಿಡುಗಡೆ ಮಾಡಿದರು.

ಈರುಳ್ಳಿ ಆರಿಸುವುದು ಮಾತ್ರ ಕೆಲಸವಲ್ಲ. ಕಾರಿದ್ದವರು ನಡೆಯಲಾಗದ ಹಿರಿಯರ ಮನೆಗೆ ಚೀಲ ಮುಟ್ಟಿಸಬಹುದು. ಲೆಕ್ಕ ಗೊತ್ತಿದ್ದವರು ಪ್ಯಾಂಟ್ರಿಯ ಪುಸ್ತಕ ಬರೆಯಬಹುದು. ಭಾಷೆ ಗೊತ್ತಿದ್ದವರು ಇನ್ನೂ ದೊಡ್ಡ ಉಪಕಾರಿ. ಫಾರಂ ಮುಂದೆ ಗಾಬರಿಯಾಗಿ ನಿಂತ ಅಜ್ಜಿಗೆ ಅವರ ಭಾಷೆಯಲ್ಲಿ ಎರಡು ಮಾತು ಹೇಳಿದರೆ ಮುಖ ಅರಳುವುದನ್ನು ನೋಡಬೇಕು.

ಫುಡ್ ಬ್ಯಾಂಕ್ ಎಷ್ಟು ಹೊರಬಲ್ಲದು?

ಇಷ್ಟೆಲ್ಲ ಹೇಳಿದ ಮೇಲೆ ಒಂದು ಅಳತೆ ಹೇಳಲೇಬೇಕು. ಫುಡ್ ಬ್ಯಾಂಕುಗಳು ಒಂದು ಊಟ ಕೊಟ್ಟರೆ ಸ್ನ್ಯಾಪ್ ಒಂಬತ್ತು ಊಟ ಕೊಡುತ್ತದೆ. ಇದು ಫೀಡಿಂಗ್ ಅಮೆರಿಕವೇ ಹೇಳುವ ಲೆಕ್ಕ. ಅಂದರೆ ಸ್ನ್ಯಾಪ್‌ನಲ್ಲಿ ಒಂಬತ್ತರಲ್ಲಿ ಒಂದು ಪಾಲು ಕಡಿತವಾದರೂ, ಅದನ್ನು ತುಂಬಲು ದೇಶದ ಎಲ್ಲ ಫುಡ್ ಬ್ಯಾಂಕುಗಳೂ ಇವತ್ತಿನ ಎರಡರಷ್ಟು ಕೆಲಸ ಮಾಡಬೇಕು. ಎರಡರಷ್ಟು ಲಾರಿ, ಎರಡರಷ್ಟು ಗೋದಾಮು, ಎರಡರಷ್ಟು ಮಂಗಳವಾರದ ಕೈಗಳು. ಸ್ನ್ಯಾಪ್‌ಗೆ ತಿಂಗಳಿಗೆ ಖರ್ಚಾಗುವುದು ಸುಮಾರು 800 ಕೋಟಿ ಡಾಲರ್. ದೇಣಿಗೆಯ ಡಬ್ಬಿಯಿಂದ ಅದು ಬರುವುದಿಲ್ಲ. ನವೆಂಬರಿನಲ್ಲಿ ಫುಡ್ ಬ್ಯಾಂಕ್ ನಡೆಸುವವರೇ ಮುಂದೆ ಬಂದು ಇದನ್ನು ಹೇಳಿದರು. ಸ್ನ್ಯಾಪ್ ಹಣ ಬರಲಿ, ನಮ್ಮಿಂದ ಅಷ್ಟು ಆಗದು ಅಂತ.

ತೆಗೆದುಕೊಳ್ಳಲು ಯಾರು ಹೋಗಬಹುದು?

ಇದನ್ನು ಗುಂಪಿನಲ್ಲಿ ಯಾರೂ ಕೇಳಲಿಲ್ಲ. ಒಬ್ಬ ಹುಡುಗ ಮಾತ್ರ ನನಗೆ ಬೇರೆಯಾಗಿ ಸಂದೇಶ ಕಳಿಸಿ ಕೇಳಿದ. ಅವನ ಹಾಗೆ ಕೇಳಲು ಸಂಕೋಚ ಪಡುವವರಿಗಾಗಿ ಬರೆಯುತ್ತೇನೆ.

ಎಚ್1ಬಿ, ಅಂದರೆ ಕೆಲಸದ ವೀಸಾದಲ್ಲಿರುವವರಿಗೆ, ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಸ್ನ್ಯಾಪ್ ಸಿಗುವುದಿಲ್ಲ. ಎಚ್1ಬಿಯಲ್ಲಿ ಕೆಲಸ ಹೋದರೆ ಇನ್ನೊಂದು ಕೆಲಸ ಹುಡುಕಲು ಸಾಮಾನ್ಯವಾಗಿ 60 ದಿನ. ಆ ದಿನಗಳಲ್ಲಿ ಬಾಡಿಗೆ ಕಟ್ಟಿ ಮಕ್ಕಳಿಗೆ ಹಾಲು ತರುವುದೂ ಕಷ್ಟವಾಗಬಹುದು. ಪ್ಯಾಂಟ್ರಿಯ ನಿಯಮ ಬೇರೆ. ಬಹಳಷ್ಟು ಪ್ಯಾಂಟ್ರಿಗಳು ವೀಸಾ ಕೇಳುವುದಿಲ್ಲ. ಸರ್ಕಾರದಿಂದ ಬಂದ ಆಹಾರ ಕೊಡುವಾಗ ಮನೆಯಲ್ಲಿ ಎಷ್ಟು ಜನ, ಆದಾಯ ಎಷ್ಟು ಅಂತ ನೀವೇ ಹೇಳಿ ಸಹಿ ಹಾಕಬೇಕಾಗಬಹುದು. ಅನೇಕ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳಿಗೆಂದೇ ಪ್ಯಾಂಟ್ರಿ ಇದೆ. ನಿಜವಾಗಿ ಬೇಕಿದ್ದಾಗ ಹೋಗುವುದು ಯಾರ ಪಾಲನ್ನೂ ಕಿತ್ತುಕೊಂಡಂತೆ ಅಲ್ಲ. ಅದು ಇರುವುದೇ ಅದಕ್ಕೆ.

ಹತ್ತಿರದ ಪ್ಯಾಂಟ್ರಿ ಎಲ್ಲಿದೆ ಅಂತ ತಿಳಿಯಲು 211ಕ್ಕೆ ಫೋನ್ ಮಾಡಿ. ಅಮೆರಿಕದ ಹೆಚ್ಚಿನ ಕಡೆ ಈ ಸಂಖ್ಯೆ ನಡೆಯುತ್ತದೆ. ಯಾವ ದಿನ ತೆರೆದಿರುತ್ತದೆ, ಏನು ದಾಖಲೆ ಬೇಕು ಅಂತ ಅವರೇ ಹೇಳುತ್ತಾರೆ. ಹೋಗುವಾಗ ಎರಡು ಗಟ್ಟಿ ಚೀಲ ಇಟ್ಟುಕೊಳ್ಳಿ. ಆಲೂಗಡ್ಡೆ ಚೀಲ ಭಾರ ಇರುತ್ತದೆ.